ಪಾರಿವಾಳದ ಬಣ್ಣವೂ ಬಲವೂ



ಗುಡಿಯ ಗೋಪುರದಲ್ಲಿ, ರೈಲು ನಿಲ್ದಾಣದ ತೊಲೆಗಳ ಮೇಲೆ, ಕಾಳಿನ ಅಂಗಡಿಗಳ ಮುಂದೆ ಪಾರಿವಾಳಗಳ ಹಿಂಡನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಕಂಡವರು ಬಹಳ, ಗಮನಿಸಿದವರು ಕಡಿಮೆ. ಹತ್ತು ನಿಮಿಷ ನಿಂತು ನೋಡಿದರೆ ಆ ಹಿಂಡಿನಲ್ಲಿ ಎಷ್ಟು ವೈವಿಧ್ಯವಿದೆ ಎಂಬುದು ತಿಳಿಯುತ್ತದೆ. ಒಂದರ ಬೂದುಬಣ್ಣದ ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆಗಳು. ಇನ್ನೊಂದರ ರೆಕ್ಕೆಯ ತುಂಬ ಚೌಕಳಿ. ಮತ್ತೊಂದು ಮಸಿಯಂತೆ ಕಪ್ಪು. ಎಲ್ಲೋ ಒಂದು ಇಟ್ಟಿಗೆಯ ಕೆಂಪು. ಇವೆಲ್ಲವೂ ಒಂದೇ ಜಾತಿಯ ಹಕ್ಕಿಗಳು. ಬಣ್ಣದ ಭೇದವೆಣಿಸದೆ ಪರಸ್ಪರ ಕೂಡಿ ಸಂಸಾರ ಹೂಡುವಂಥವು. ಈ ಬಣ್ಣಗಳು ತಂದೆತಾಯಿಗಳಿಂದ ಮರಿಗಳಿಗೆ ಹೇಗೆ ಇಳಿದುಬರುತ್ತವೆ, ಪಂದ್ಯಕ್ಕಾಗಿ ಪಾರಿವಾಳ ಸಾಕುವವರು ಜೋಡಿಗಳನ್ನು ಆರಿಸುವಾಗ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೇ ನಾನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ.

ಪಂದ್ಯದ ಪಾರಿವಾಳದ ತವರು ಬೆಲ್ಜಿಯಂ ದೇಶ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸಾಕಣೆಗಾರರು ಹಲವು ತಳಿಗಳನ್ನು ಬೆರೆಸಿ, ದೂರದಿಂದ ಮನೆಗೆ ಮರಳುವ ಸಾಮರ್ಥ್ಯವೊಂದನ್ನೇ ಗುರಿಯಾಗಿಟ್ಟುಕೊಂಡು ಈ ಹಕ್ಕಿಯನ್ನು ರೂಪಿಸಿದರು. 1850ರಲ್ಲಿ ಆಖೆನ್ ಮತ್ತು ಬ್ರಸೆಲ್ಸ್ ನಗರಗಳ ನಡುವೆ ತಂತಿಯಿಲ್ಲದ ದಾರಿಯಲ್ಲಿ ರಾಯ್ಟರ್ ಮಹಾಶಯನು ಪೇಟೆಯ ಸುದ್ದಿಯನ್ನು ಸಾಗಿಸಿದ್ದು ಪಾರಿವಾಳಗಳಿಂದ. 1870-71ರಲ್ಲಿ ಮುತ್ತಿಗೆಗೆ ಸಿಕ್ಕಿದ ಪ್ಯಾರಿಸ್ ನಗರಕ್ಕೆ ಹೊರಗಿನ ಕಾಗದಪತ್ರಗಳು ಬಂದದ್ದೂ ಪಾರಿವಾಳಗಳ ಮೂಲಕವೇ. ನಮ್ಮ ದೇಶದಲ್ಲಿ ಒಡಿಶಾದ ಪೊಲೀಸರು 1946ರಲ್ಲಿ ಪಾರಿವಾಳದ ಅಂಚೆಯನ್ನು ಆರಂಭಿಸಿ ಅನೇಕ ವರ್ಷ ನಡೆಸಿದರು. ಬೆಂಗಳೂರು, ಚೆನ್ನೈ ನಗರಗಳಲ್ಲಿ ಮಹಡಿಗಳ ಮೇಲೆ ಗೂಡು ಕಟ್ಟಿ ಪಂದ್ಯದ ಪಾರಿವಾಳಗಳನ್ನು ಸಾಕುವ ಆಸಕ್ತರು ಇಂದಿಗೂ ಇದ್ದಾರೆ.

ಪಂದ್ಯದ ಕ್ರಮ ಸರಳವಾದುದು. ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿ ನೂರಾರು ಕಿಲೋಮೀಟರು ದೂರಕ್ಕೆ ಒಯ್ದು ಒಮ್ಮೆಗೇ ಬಿಡುತ್ತಾರೆ. ಪ್ರತಿಯೊಂದು ಹಕ್ಕಿಯೂ ತನ್ನ ತನ್ನ ಗೂಡಿಗೆ ಮರಳುತ್ತದೆ. ಗೂಡುಗಳೆಲ್ಲ ಒಂದೇ ದೂರದಲ್ಲಿ ಇರಲಾರವಷ್ಟೆ; ಆದ್ದರಿಂದ ಬಿಟ್ಟ ಸ್ಥಳದಿಂದ ಒಂದೊಂದು ಗೂಡಿಗೂ ಇರುವ ದೂರವನ್ನು ಅಳೆದು, ತೆಗೆದುಕೊಂಡ ಕಾಲದಿಂದ ಭಾಗಿಸಿ, ನಿಮಿಷಕ್ಕೆ ಇಷ್ಟು ಮೀಟರು ಎಂದು ವೇಗವನ್ನು ಗೊತ್ತುಮಾಡುತ್ತಾರೆ. ನಿಮಿಷಕ್ಕೆ 1200 ಮೀಟರು ಹಾರಿದ ಹಕ್ಕಿ ಗಂಟೆಗೆ 72 ಕಿಲೋಮೀಟರು ಕ್ರಮಿಸಿದಂತಾಯಿತು. ಈ ಆಟದಲ್ಲಿ ಹಣದ ಓಡಾಟವೂ ಅಲ್ಪವಲ್ಲ. 2020ರ ನವೆಂಬರಿನಲ್ಲಿ ಬೆಲ್ಜಿಯಂನ ಎರಡು ವರ್ಷದ ಹೆಣ್ಣು ಪಾರಿವಾಳವೊಂದು ಹರಾಜಿನಲ್ಲಿ 16 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅಷ್ಟು ಹಣ ತೆತ್ತವರು ಕೊಂಡದ್ದು ಆ ಹಕ್ಕಿಯ ರೆಕ್ಕೆಗಳನ್ನು ಮಾತ್ರವಲ್ಲ. ಮುಂದೆ ಅದು ಇಡಲಿರುವ ಮೊಟ್ಟೆಗಳನ್ನು. ಹೀಗಿರುವಾಗ ಯಾವ ಗಂಡಿಗೆ ಯಾವ ಹೆಣ್ಣು, ಹುಟ್ಟಿದ ಮರಿಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಸಾಕಣೆಗಾರನ ನಿದ್ದೆಯನ್ನು ಕೆಡಿಸಿದರೆ ಆಶ್ಚರ್ಯವಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಹೀಗೆ ಪಾರಿವಾಳ ಸಾಕುವ ಹಿರಿಯರೊಬ್ಬರು ನನಗೆ ಪರಿಚಿತರು. ನಾನು ಪ್ರಾಣಿಶಾಸ್ತ್ರದ ಪಾಠ ಹೇಳಿದವನೆಂಬ ಕಾರಣದಿಂದ ಆಗಾಗ ನನ್ನನ್ನು ಕರೆಸಿಕೊಳ್ಳುತ್ತಾರೆ. ಅವರ ಗೂಡಿನಲ್ಲಿ ಹಲವು ಪಂದ್ಯಗಳನ್ನು ಗೆದ್ದ ಒಂದು ಗಂಡು ಇತ್ತು. ಬೂದಿಗೆಂಪು ಬಣ್ಣ, ರೆಕ್ಕೆಯ ಮೇಲೆ ಎರಡು ಕೆಂಪು ಪಟ್ಟೆ, ಬಾಲದ ಗರಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಅದಕ್ಕೆ ಜೊತೆಗೂಡಿಸಿದ ಹೆಣ್ಣು, ಗೋಪುರದ ಪಾರಿವಾಳದಂತೆಯೇ ಕಾಣುವ, ಕಪ್ಪು ಪಟ್ಟೆಯ ಸಾಧಾರಣ ನೀಲಿ ಹಕ್ಕಿ. ಆ ಜೋಡಿಗೆ ಎರಡು ಮರಿಗಳಾದವು. ಒಂದು ಗಂಡು, ಅಪ್ಪನ ಅಚ್ಚು. ಇನ್ನೊಂದು ಹೆಣ್ಣು, ಅಮ್ಮನ ಪಡಿಯಚ್ಚು. ಗೂಡಿನಲ್ಲಿ ಜಾಗವಿದ್ದದ್ದು ಒಂದಕ್ಕೆ.

“ಮೇಷ್ಟ್ರೇ, ಕೆಂಪನ್ನ ಇಟ್ಕೊಂಡು ನೀಲೀನ ಯಾರಿಗಾದ್ರೂ ಕೊಟ್ಟುಬಿಡೋಣ ಅಂತ. ಅಪ್ಪನ ಬಣ್ಣ ಬಂದಿದೆ ಅಂದ್ಮೇಲೆ ಅಪ್ಪನ ರೆಕ್ಕೇನೂ ಬಂದಿರಬೇಕಲ್ವೆ?” ಎಂದು ಕೇಳಿದರು.

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಬೆಲ್ಜಿಯಂನ ಸಾಕಣೆಗಾರನೂ ಇದನ್ನೇ ಕೇಳುತ್ತಾನೆ. ನಮ್ಮ ರೈತನು ಎತ್ತಿನ ಮೈಮೇಲಿನ ಸುಳಿಯನ್ನು ನೋಡಿ ಅದರ ಗುಣವನ್ನು ನಿರ್ಣಯಿಸುವುದರ ಹಿಂದೆ ಇರುವುದೂ ಇದೇ ಆಸೆ. ಒಳಗಿರುವ ಬಲ ಕಣ್ಣಿಗೆ ಕಾಣದು; ಹೊರಗಿರುವ ಗುರುತು ಕಾಣುತ್ತದೆ. ಕಂಡದ್ದರಿಂದ ಕಾಣದ್ದನ್ನು ಅಳೆಯಬಹುದೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಬಣ್ಣದ ಲೆಕ್ಕವನ್ನು ಬಿಡಿಸಬೇಕು.

ಪಾರಿವಾಳದ ನೀಲಿಯಲ್ಲಿ ನೀಲಿಯೇ ಇಲ್ಲ ಎಂದರೆ ನೀವು ನಗಬಹುದು. ಆದರೂ ಅದು ನಿಜ. ಗರಿಯಲ್ಲಿರುವುದು ಕಪ್ಪು ವರ್ಣದ್ರವ್ಯದ ಕಣಗಳು. ಅವು ಗುಂಪುಗುಂಪಾಗಿ, ನಡುವೆ ತೆರಪು ಬಿಟ್ಟು ಕೂತಾಗ ನಮ್ಮ ಕಣ್ಣಿಗೆ ಬೂದುನೀಲಿಯಾಗಿ ತೋರುತ್ತದೆ. ಒತ್ತಾಗಿ ಹರಡಿದ ಕಡೆ ಕಪ್ಪು ಪಟ್ಟೆಯಾಗುತ್ತದೆ. ಪಾರಿವಾಳದ ಮೂಲಬಣ್ಣಗಳು ಮೂರು: ಬೂದಿಗೆಂಪು, ನೀಲಿ, ಕಂದು. ಇವುಗಳಲ್ಲಿ ಬೂದಿಗೆಂಪು ನೀಲಿಗಿಂತ ಪ್ರಬಲ. ನೀಲಿ ಕಂದಿಗಿಂತ ಪ್ರಬಲ. ಎಂದರೆ, ಒಂದೇ ಹಕ್ಕಿಯಲ್ಲಿ ಕೆಂಪಿನ ವಂಶವಾಹಿಯೂ ನೀಲಿಯ ವಂಶವಾಹಿಯೂ ಸೇರಿದ್ದರೆ ಹೊರಗೆ ಕಾಣುವುದು ಕೆಂಪು. ನೀಲಿ ಒಳಗೆ ಅಡಗಿ ಕುಳಿತಿರುತ್ತದೆ. ಬಣ್ಣದ ಮಾತು ಹೀಗಾದರೆ, ರೆಕ್ಕೆಯ ಚಿತ್ತಾರದ ಲೆಕ್ಕವೇ ಬೇರೆ. ದಟ್ಟ ಚೌಕಳಿ, ಚೌಕಳಿ, ಪಟ್ಟೆ, ಪಟ್ಟೆಯಿಲ್ಲದ್ದು ಎಂಬುದು ಅಲ್ಲಿಯ ಶ್ರೇಣಿ. ಮೇಲಿನದು ಕೆಳಗಿನದನ್ನು ಮರೆಮಾಡುತ್ತದೆ. ಇದರ ಮೇಲೆ ಬಣ್ಣವನ್ನು ತೆಳುಮಾಡುವ ವಂಶವಾಹಿ ಒಂದು, ಮೈಗೆಲ್ಲ ಒಂದೇ ಬಣ್ಣ ಬಳಿಯುವುದು ಇನ್ನೊಂದು. ಕೆಲವೇ ವಂಶವಾಹಿಗಳು, ಆದರೆ ಅವು ಕೂಡಿಕೊಳ್ಳುವ ಬಗೆಗಳು ಅನೇಕ.

ಈ ಬಗೆಗಳನ್ನು ಕಂಡು ಬೆರಗಾದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖನು. ಅವನು 1855ರಲ್ಲಿ ಪಾರಿವಾಳ ಸಾಕಲು ತೊಡಗಿ, ಲಂಡನ್ನಿನ ಎರಡು ಪಾರಿವಾಳ ಸಂಘಗಳ ಸದಸ್ಯನೂ ಆದನು. ಬಿಳಿಯ ಬೀಸಣಿಗೆಬಾಲದ ತಳಿಯನ್ನು ಬಾರ್ಬ್ ಎಂಬ ಕಪ್ಪು ತಳಿಯೊಡನೆ ಕೂಡಿಸಿ, ಆ ಸಂಕರದ ಮರಿಗಳನ್ನು ಮತ್ತೆ ತಮ್ಮತಮ್ಮಲ್ಲೇ ಕೂಡಿಸಿದಾಗ, ಮೊಮ್ಮಕ್ಕಳಲ್ಲಿ ಒಂದು ಕಾಡುಪಾರಿವಾಳದಂತೆ ಸುಂದರವಾದ ನೀಲಿಬಣ್ಣ, ಎರಡು ಕಪ್ಪು ಪಟ್ಟೆ, ಬಿಳಿಯ ಸೊಂಟ ಇವೆಲ್ಲವನ್ನೂ ಹೊತ್ತು ಹುಟ್ಟಿತು. ಸಾಕುಪಾರಿವಾಳಗಳೆಲ್ಲ ಒಂದೇ ಮೂಲದಿಂದ ಬಂದವು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವನು ಮುಂದಿಟ್ಟನು. ಸಾಕ್ಷಿ ಸರಿಯಾಗಿಯೇ ಇತ್ತು; ಆದರೆ ಅಜ್ಜನ ಬಣ್ಣ ಎಲ್ಲಿ ಅಡಗಿತ್ತು, ಯಾವ ನಿಯಮದಿಂದ ಹೊರಬಂತು ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು 1866ರಲ್ಲಿ ಗ್ರೆಗರ್ ಮೆಂಡೆಲ್ ಬಟಾಣಿಗಿಡಗಳ ಲೆಕ್ಕದಿಂದ ಪ್ರಕಟಿಸಿದನು. ಲೋಕ ಅದನ್ನು ಗಮನಿಸಿದ್ದು 1900ರಲ್ಲಿ. ಆಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲಿಯಾನ್ ಕೋಲ್ ಮೊದಲಾದವರು ಅದೇ ಲೆಕ್ಕವನ್ನು ಪಾರಿವಾಳಕ್ಕೆ ಅನ್ವಯಿಸಿದರು. 2014ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಮೂಲಬಣ್ಣದ ವಂಶವಾಹಿ ಯಾವುದೆಂಬುದನ್ನು ಬೆರಳಿಟ್ಟು ತೋರಿಸಿದರು. 2018ರಲ್ಲಿ ಚೌಕಳಿಯ ವಂಶವಾಹಿಯೂ ಸಿಕ್ಕಿತು. ಅದು ಆಫ್ರಿಕದ ಬೇರೊಂದು ಜಾತಿಯ ಚುಕ್ಕೆಪಾರಿವಾಳದಿಂದ ಹಿಂದೆಂದೋ ನಮ್ಮ ಪಾರಿವಾಳದ ವಂಶಕ್ಕೆ ಬೆರೆತು ಬಂದದ್ದೆಂದು ತಿಳಿಯಿತು.

ಈಗ ಮುಖ್ಯವಾದ ವಿಚಾರಕ್ಕೆ ಬರುತ್ತೇನೆ. ಮನುಷ್ಯರಲ್ಲಿ ಲಿಂಗವನ್ನು ನಿರ್ಣಯಿಸುವ ವರ್ಣತಂತುಗಳಲ್ಲಿ ಹೆಣ್ಣಿಗೆ ಒಂದೇ ತೆರನಾದವು ಎರಡು, ಗಂಡಿಗೆ ಬೇರೆಬೇರೆ ತೆರನಾದವು ಎರಡು. ಹಕ್ಕಿಗಳಲ್ಲಿ ಇದು ತಿರುಗುಮುರುಗು. ಗಂಡುಹಕ್ಕಿಗೆ ಝಡ್ ಎಂಬ ವರ್ಣತಂತು ಎರಡು. ಹೆಣ್ಣಿಗೆ ಝಡ್ ಒಂದು, ಡಬ್ಲ್ಯೂ ಒಂದು. ಪಾರಿವಾಳದ ಮೂಲಬಣ್ಣವನ್ನು ನಿರ್ಧರಿಸುವ ವಂಶವಾಹಿ ಇರುವುದು ಝಡ್ ವರ್ಣತಂತುವಿನ ಮೇಲೆ. ಆದಕಾರಣ ಗಂಡು ಎರಡು ಬಣ್ಣಗಳನ್ನು ಹೊರಬಲ್ಲದು, ಒಂದನ್ನು ತೋರಿಸಿ ಇನ್ನೊಂದನ್ನು ಅಡಗಿಸಬಲ್ಲದು. ಹೆಣ್ಣಿಗೆ ಆ ಸೌಕರ್ಯವಿಲ್ಲ. ಅದರಲ್ಲಿರುವುದು ಒಂದೇ ಬಣ್ಣ, ಇರುವುದನ್ನೇ ತೋರಿಸಬೇಕು. ತಾಯಿ ತನ್ನ ಝಡ್ ಅನ್ನು ಕೊಡುವುದು ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಅವಳು ಕೊಡುವುದು ಡಬ್ಲ್ಯೂ. ಹೆಣ್ಣುಮರಿಯ ಝಡ್ ಬರುವುದು ತಂದೆಯಿಂದಲೇ.

ಈ ಲೆಕ್ಕವನ್ನು ಹಿಡಿದು ನಮ್ಮ ಹಿರಿಯರ ಎರಡು ಮರಿಗಳನ್ನು ನೋಡೋಣ. ತಂದೆಯ ಬಾಲದಲ್ಲಿ ಕಪ್ಪು ಚುಕ್ಕೆಗಳಿದ್ದವೆಂದು ಹೇಳಿದೆನಲ್ಲ, ಅದು ಕೆಂಪು ಗಂಡಿನೊಳಗೆ ನೀಲಿ ಅಡಗಿದೆ ಎಂಬುದರ ಗುರುತು. ಹಳೆಯ ಸಾಕಣೆಗಾರರು ಬಲ್ಲ ಗುರುತು. ಈ ತಂದೆ ತನ್ನ ಎರಡು ಝಡ್‌ಗಳಲ್ಲಿ ಕೆಂಪಿನದನ್ನು ಮಗನಿಗೆ ಕೊಟ್ಟಿತು. ತಾಯಿಯಿಂದ ಮಗನಿಗೆ ನೀಲಿ ಬಂತು. ಮಗ ಹೊರಗೆ ಕೆಂಪಾದರೂ ಬಣ್ಣದ ಮಟ್ಟಿಗೆ ಅರ್ಧ ತಾಯಿಯ ಮಗನೇ. ಇನ್ನು ಮಗಳು? ಅಮ್ಮನಂತೆ ನೀಲಿಯಾಗಿರುವ ಅವಳಿಗೆ ಆ ನೀಲಿ ಅಮ್ಮನಿಂದ ಬಂದದ್ದೇ ಅಲ್ಲ. ತಾಯಿ ಅವಳಿಗೆ ಬಣ್ಣದ ವಂಶವಾಹಿಯನ್ನು ಕೊಡಲಾರಳು. ಅವಳ ನೀಲಿ ತಂದೆಯೊಳಗೆ ಅಡಗಿದ್ದ ನೀಲಿ! ಅಪ್ಪನ ಅಚ್ಚೆಂದು ಯಾವುದನ್ನು ಇರಿಸಿಕೊಳ್ಳಬೇಕೆಂದಿದ್ದರೋ ಅದರ ಬಣ್ಣದ ವಂಶವಾಹಿಗಳಲ್ಲಿ ಒಂದು ಅಮ್ಮನದು. ಅಮ್ಮನ ಪಡಿಯಚ್ಚೆಂದು ಯಾವುದನ್ನು ಕಳುಹಿಸಬೇಕೆಂದಿದ್ದರೋ ಅದರ ಮೂಲಬಣ್ಣ ಸಂಪೂರ್ಣವಾಗಿ ಅಪ್ಪನ ದಾನ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮಲ್ಲಿ ಇರುವುದು ಇಂಥ ಸಂದರ್ಭಕ್ಕಾಗಿಯೇ ಇರಬೇಕು.

ಬಣ್ಣದಲ್ಲೇ ಹೀಗಾದರೆ ಬಲದ ಮಾತೇನು? ಪಾರಿವಾಳದ ಜೀವಕೋಶದಲ್ಲಿ ನಲವತ್ತು ಜೊತೆ ವರ್ಣತಂತುಗಳಿವೆ. ಮೂಲಬಣ್ಣದ ವಂಶವಾಹಿ ಅವುಗಳಲ್ಲಿ ಒಂದರ ಮೇಲಿನ ಒಂದು ಬಿಂದು. ದೂರದಿಂದ ಮನೆಗೆ ಮರಳುವುದಕ್ಕೆ ಬೇಕಾದುದು ಒಂದು ಗುಣವಲ್ಲ. ಎದೆಯ ಸ್ನಾಯು, ಶ್ವಾಸದ ಬಲ, ಗರಿಯ ಗಟ್ಟಿತನ, ದಿಕ್ಕನ್ನು ಅರಿಯುವ ಬುದ್ಧಿ, ಬಳಲಿದ ಮೇಲೂ ಹಾರುವ ಛಲ, ಗೂಡಿನ ಮೇಲಿನ ಹಂಬಲ ಇವೆಲ್ಲ ಕೂಡಬೇಕು. ಇವಕ್ಕೆ ಆಧಾರವಾದ ವಂಶವಾಹಿಗಳು ಬಹುಸಂಖ್ಯೆಯವು, ಹಲವು ವರ್ಣತಂತುಗಳ ಮೇಲೆ ಚದುರಿರುವಂಥವು. ಅವುಗಳಲ್ಲಿ ಬಣ್ಣದ ವಂಶವಾಹಿಗೆ ತೀರ ಹತ್ತಿರದಲ್ಲಿ ಕುಳಿತವು ಮಾತ್ರ ಅದರ ಜೊತೆಗೆ ಪ್ರಯಾಣ ಮಾಡಬಲ್ಲವು. ಉಳಿದವು ಪ್ರತಿ ಮೊಟ್ಟೆಗೂ ಹೊಸದಾಗಿ ಚೀಟಿಯೆತ್ತಿದಂತೆ ಹಂಚಿಕೆಯಾಗುತ್ತವೆ.

ಬೇಕಾದರೆ ಇನ್ನೊಂದು ರೀತಿಯಲ್ಲಿ ಪರೀಕ್ಷಿಸಿ. ಪಂದ್ಯ ಗೆದ್ದ ನೀಲಿ ಗಂಡಿಗೆ ಬೂದಿಗೆಂಪಿನ ಹೆಣ್ಣನ್ನು ಕೂಡಿಸಿದೆವೆನ್ನಿ. ಹುಟ್ಟುವ ಗಂಡುಮರಿಗಳೆಲ್ಲ ತಾಯಿಯಂತೆ ಕೆಂಪು, ಹೆಣ್ಣುಮರಿಗಳೆಲ್ಲ ತಂದೆಯಂತೆ ನೀಲಿ. ಬಣ್ಣದ ಜೊತೆಗೆ ಬಲವೂ ಬರುವುದು ನಿಜವಾದರೆ ಆ ಗಂಡಿನ ಗಂಡುಮಕ್ಕಳಲ್ಲಿ ಒಂದಾದರೂ ತಂದೆಯ ಬಲವನ್ನು ಪಡೆಯಬಾರದು. ಗೆದ್ದ ಗಂಡು ಶುದ್ಧ ಬೂದಿಗೆಂಪಿನದಾಗಿ, ಹೆಣ್ಣು ನೀಲಿಯಾದರೆ ಮರಿಗಳೆಲ್ಲವೂ ಕೆಂಪು. ಆಗ ಎಲ್ಲ ಮರಿಗಳೂ ಪಂದ್ಯ ಗೆಲ್ಲಬೇಕು. ಈ ಎರಡೂ ಯಾವ ಗೂಡಿನಲ್ಲಿಯೂ ನಡೆಯುವುದಿಲ್ಲವೆಂಬುದನ್ನು ಸಾಕಣೆಗಾರರೇ ಬಲ್ಲರು.

ಚೌಕಳಿ ಹಕ್ಕಿಗಳೇ ಹೆಚ್ಚು ಬಹುಮಾನ ಪಡೆಯುತ್ತವೆ, ಆದ್ದರಿಂದ ಚೌಕಳಿಯೇ ವೇಗದ ಗುರುತು ಎಂಬ ವಾದವನ್ನೂ ಕೇಳಿದ್ದೇನೆ. ಇದು ಎಣಿಕೆಯ ತೊಡಕು. ಬಿಟ್ಟ ನೂರು ಹಕ್ಕಿಗಳಲ್ಲಿ ಅರುವತ್ತು ಚೌಕಳಿಯಾಗಿದ್ದರೆ ಮೊದಲ ಹತ್ತರಲ್ಲಿ ಆರು ಚೌಕಳಿಯಾಗಿರುವುದರಲ್ಲಿ ವಿಶೇಷವೇನಿದೆ? ಗೆದ್ದವುಗಳಲ್ಲಿ ಎಷ್ಟು ಎಂದು ಕೇಳುವುದರ ಜೊತೆಗೆ ಬಿಟ್ಟವುಗಳಲ್ಲಿ ಎಷ್ಟು ಎಂದೂ ಕೇಳಬೇಕು. ಬಹುಮಾನದ ಪಟ್ಟಿಯಲ್ಲಿ ಗೆದ್ದವುಗಳ ಲೆಕ್ಕ ಮಾತ್ರ ಇರುತ್ತದೆ. ಹಿಂದಿರುಗದ ಹಕ್ಕಿಗಳ ಬಣ್ಣವನ್ನು ಯಾರೂ ಬರೆದಿಡುವುದಿಲ್ಲ.

ಹಾಗಾದರೆ ಬಣ್ಣದ ಜ್ಞಾನದಿಂದ ಪ್ರಯೋಜನವಿಲ್ಲವೆ? ಧಾರಾಳವಾಗಿ ಇದೆ. ಬಣ್ಣ ಒಳ್ಳೆಯ ಸಾಕ್ಷಿ. ಅದು ಹೇಳಬಲ್ಲದ್ದನ್ನು ಕೇಳಿದರೆ ಸತ್ಯವನ್ನೇ ಹೇಳುತ್ತದೆ.

ಪಾರಿವಾಳ ಜೊತೆಗಾರನಿಗೆ ನಿಷ್ಠವಾದ ಹಕ್ಕಿಯೆಂದು ಹೆಸರು ಪಡೆದಿದೆ. ಬಹುಮಟ್ಟಿಗೆ ಇದು ದಿಟ. ಆ ನಿಷ್ಠೆಯಿಂದಲೇ ಹಲವು ತಳಿಗಳನ್ನು ಒಂದೇ ಗೂಡಿನಲ್ಲಿ ಬೆರೆಯದಂತೆ ಇರಿಸಲು ಸಾಧ್ಯವಾಯಿತೆಂದು ಡಾರ್ವಿನನೂ ಹೇಳಿದ್ದಾನೆ. ಆದರೆ ತುಂಬಿದ ಗೂಡಿನಲ್ಲಿ ನೆರೆಯ ಗಂಡು ಹೊಂಚು ಹಾಕುವುದೂ ಉಂಟು. ಎರಡು ನೀಲಿ ಹಕ್ಕಿಗಳ ಗೂಡಿನಲ್ಲಿ ಬೂದಿಗೆಂಪಿನ ಮರಿ ಕಂಡರೆ, ಆ ನೀಲಿ ಗಂಡು ಅದರ ತಂದೆಯಲ್ಲ. ಕೆಂಪು ಪ್ರಬಲವಾದ್ದರಿಂದ ಅಡಗಿದ್ದು ಹೊರಬರುವ ಮಾತೇ ಇಲ್ಲ. ಹಾಗೆಯೇ ಪಟ್ಟೆಯ ಹಕ್ಕಿಗಳೆರಡಕ್ಕೆ ಚೌಕಳಿಯ ಮರಿ ಹುಟ್ಟದು. ಚೌಕಳಿಗಳೆರಡಕ್ಕೆ ಪಟ್ಟೆಯ ಮರಿ ಹುಟ್ಟಬಹುದು. ಇಬ್ಬರಲ್ಲೂ ಪಟ್ಟೆ ಅಡಗಿದ್ದರೆ ನಾಲ್ಕರಲ್ಲಿ ಒಂದರಷ್ಟು ಅವಕಾಶವುಂಟು. ಸಾಕ್ಷಿಯನ್ನು ವಿಚಾರಿಸುವಾಗ ಎಚ್ಚರವಂತೂ ಬೇಕು. ಬಾಲದ ತುದಿಯವರೆಗೆ ಒಂದೇ ಸಮನಾಗಿ ಕೆಂಪಾಗಿರುವ ಇನ್ನೊಂದು ಬಗೆಯ ಬಣ್ಣವಿದೆ. ಅದು ದುರ್ಬಲ ಗುಣ. ಎರಡು ನೀಲಿ ಹಕ್ಕಿಗಳಲ್ಲಿ ಅಡಗಿದ್ದು ಮರಿಯಲ್ಲಿ ಹೊರಬರಬಲ್ಲದು. ಬೂದಿಗೆಂಪಿನ ಹಕ್ಕಿಗಾದರೋ ಬಾಲ ಬೂದಿಯ ಬಣ್ಣದ್ದು. ಈ ಭೇದವರಿಯದೆ ನಿರಪರಾಧಿಯಾದ ಹೆಣ್ಣುಹಕ್ಕಿಯ ಮೇಲೆ ಅಪವಾದ ಹೊರಿಸಬಾರದಲ್ಲ! ಈಗ ಒಂದು ಗರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ತಂದೆ ಯಾರೆಂದು ತಿಳಿಯುವ ವ್ಯವಸ್ಥೆಯಿದೆ. ಆದರೂ ಗೂಡಿನ ಬಾಗಿಲಲ್ಲೇ ಖರ್ಚಿಲ್ಲದೆ ದೊರೆಯುವ ಮೊದಲ ಸಾಕ್ಷ್ಯ ಬಣ್ಣವೇ. ವಂಶಾವಳಿಯ ಕಾಗದಕ್ಕೆ ಲಕ್ಷಗಟ್ಟಲೆ ಬೆಲೆ ಬರುವ ವ್ಯವಹಾರದಲ್ಲಿ ಇದು ಸಣ್ಣ ಉಪಕಾರವಲ್ಲ.

ಮರಿಯ ಲಿಂಗವನ್ನು ತಿಳಿಸುವುದು ಬಣ್ಣದ ಎರಡನೆಯ ಉಪಕಾರ. ಎಳೆಯ ಪಾರಿವಾಳದಲ್ಲಿ ಗಂಡುಹೆಣ್ಣನ್ನು ಗುರುತಿಸುವುದು ಕಷ್ಟ. ಆದರೆ ತೆಳುಬಣ್ಣದ ಗಂಡಿಗೆ ತುಂಬುಬಣ್ಣದ ಹೆಣ್ಣನ್ನು ಜೊತೆಮಾಡಿದರೆ ಮೊಟ್ಟೆಯೊಡೆದ ದಿನವೇ ತಿಳಿದುಬಿಡುತ್ತದೆ. ಹೆಣ್ಣುಮರಿಗಳು ತೆಳುಬಣ್ಣದವು, ಅವುಗಳ ಮೈಯ ತುಪ್ಪುಳು ಗಿಡ್ಡವಾಗಿ ಮರಿ ಬೋಳಾಗಿ ಕಾಣುತ್ತದೆ. ಗಂಡುಮರಿಗಳಿಗೆ ಉದ್ದನೆಯ ಹಳದಿ ತುಪ್ಪುಳು ಇರುತ್ತದೆ.

ಮೂರನೆಯದಾಗಿ, ಬಣ್ಣವು ಕೆಲವು ಎಡೆಗಳಲ್ಲಿ ಎಚ್ಚರಿಕೆಯನ್ನೂ ಕೊಡುತ್ತದೆ. ಬಣ್ಣದ ವಂಶವಾಹಿಗಳೆಲ್ಲವೂ ಗರಿಯನ್ನಷ್ಟೇ ಮುಟ್ಟಿ ಸುಮ್ಮನಾಗುವುದಿಲ್ಲ. ರೆಕ್ಕೆಯಲ್ಲಿ ಪಟ್ಟೆಯೇ ಇಲ್ಲದ ಹಕ್ಕಿಗಳಲ್ಲಿ ದೃಷ್ಟಿ ಮಂದವಾಗಿರುವುದನ್ನು ಸಾಕಣೆಗಾರರು ಬಹುಕಾಲದಿಂದ ಕಂಡಿದ್ದರು. 2018ರ ಸಂಶೋಧನೆಯಲ್ಲಿ ಆ ಚಿತ್ತಾರಕ್ಕೆ ಕಾರಣವಾದ ವಂಶವಾಹಿಯೇ ಮನುಷ್ಯರಲ್ಲಿ ಕೆಟ್ಟರೆ ಆನುವಂಶಿಕ ಕುರುಡು ಬರುತ್ತದೆಂಬ ಸಂಬಂಧ ಹೊರಬಿತ್ತು. ಬಾದಾಮಿ ಎಂದು ಕರೆಯುವ, ಬಹು ಮನೋಹರವಾದ ಚುಕ್ಕೆಬಣ್ಣವೂ ಹೀಗೆಯೇ. ಅದರ ವಂಶವಾಹಿಯನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಗಂಡುಮರಿಗಳ ಕಣ್ಣುಗಳು ದೋಷದಿಂದ ಕೂಡಿರುತ್ತವೆ. ಇಂಥ ಎರಡು ಹಕ್ಕಿಗಳನ್ನು ಬಣ್ಣದ ಆಸೆಗಾಗಿ ಜೋಡಿಸುವುದು ಮರಿಯನ್ನು ಹುಟ್ಟುವ ಮೊದಲೇ ಶಿಕ್ಷಿಸಿದಂತೆ.

ಆಗಸದಲ್ಲಿ ಬಣ್ಣಕ್ಕೆ ಬೆಲೆಯೇ ಇಲ್ಲವೆಂದೂ ನಾನು ಹೇಳಲಾರೆ. ಕ್ಯಾಲಿಫೋರ್ನಿಯದ ಡೇವಿಸ್ ಎಂಬಲ್ಲಿ ಪೆರೆಗ್ರಿನ್ ಜಾತಿಯ ಡೇಗೆಗಳು ಪಾರಿವಾಳಗಳ ಮೇಲೆರಗುವುದನ್ನು ಏಳು ವರ್ಷ ನೋಡಿದ ಸಂಶೋಧಕರು 2005ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸೊಂಟದ ಮೇಲೆ ಬಿಳಿಯ ಮಚ್ಚೆಯಿದ್ದ ಹಕ್ಕಿಗಳು ಹೆಚ್ಚಾಗಿ ತಪ್ಪಿಸಿಕೊಂಡವು. ಆ ಬಿಳಿಗರಿಗಳನ್ನು ಬೇರೆ ಬಣ್ಣದ ಗರಿಗಳೊಡನೆ ಅದಲುಬದಲು ಮಾಡಿ ನೋಡಿದಾಗ ಅದೃಷ್ಟವೂ ಅದಲುಬದಲಾಯಿತು. ಆದರೆ ಇಲ್ಲಿ ಬಣ್ಣ ಮಾಡಿದ್ದು ಡೇಗೆಯ ಕಣ್ಣನ್ನು ವಂಚಿಸುವ ಕೆಲಸವನ್ನು. ಹಕ್ಕಿಯ ರೆಕ್ಕೆಗೆ ಅದು ವೇಗ ಕೊಟ್ಟಿತೆಂದಲ್ಲ. ನಮ್ಮ ನಾಡಿನ ಪಾರಿವಾಳಗಳ ಸೊಂಟ ಸಾಮಾನ್ಯವಾಗಿ ಬೂದುಬಣ್ಣದ್ದೇ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇನ್ನು ಜೋಡಿಯನ್ನು ಆರಿಸುವುದು ಹೇಗೆ? ಪಂದ್ಯದ ದಾಖಲೆಯೇ ಮೊದಲ ಮಾತು. ಬುಟ್ಟಿಯೇ ನ್ಯಾಯಾಧೀಶ ಎಂದು ಸಾಕಣೆಗಾರರಲ್ಲಿ ಒಂದು ಮಾತಿದೆ. ಬುಟ್ಟಿಯಲ್ಲಿ ಕಳುಹಿಸಿದ ಹಕ್ಕಿ ಎಷ್ಟು ಸಲ, ಎಂಥ ಹವೆಯಲ್ಲಿ, ಎಷ್ಟು ಬೇಗ ಮರಳಿತು ಎಂಬುದಕ್ಕಿಂತ ದೊಡ್ಡ ಪ್ರಮಾಣವಿಲ್ಲ. ಒಂದು ಹಕ್ಕಿಯ ಒಂದು ಗೆಲುವಿಗಿಂತ ಅದರ ಅಣ್ಣತಮ್ಮಂದಿರು, ಅಕ್ಕತಂಗಿಯರು ಹೇಗೆ ಹಾರಿದರೆಂಬುದು ಹೆಚ್ಚಿನ ಮಾತು. ಏಕೆಂದರೆ ಒಂದು ಗೆಲುವು ಗಾಳಿಯ ದಯೆಯಿಂದಲೂ ಬರಬಹುದು. ಒಂದೇ ಗಂಡನ್ನು ಬೇರೆಬೇರೆ ಹೆಣ್ಣುಗಳೊಡನೆ, ಒಂದೇ ಹೆಣ್ಣನ್ನು ಬೇರೆಬೇರೆ ಗಂಡುಗಳೊಡನೆ ಕೂಡಿಸಿ ಮರಿಗಳನ್ನು ಹೋಲಿಸಿದಾಗ ಮಾತ್ರ ಗುಣ ಯಾವ ಕಡೆಯಿಂದ ಬಂದಿತೆಂದು ಊಹಿಸಲು ಸಾಧ್ಯ. ಸಲಕ್ಕೆ ಎರಡೇ ಮೊಟ್ಟೆಯಿಡುವ ಹಕ್ಕಿಯಲ್ಲಿ ಒಂದು ಗೂಡಿನ ಫಲದಿಂದ ಜೋಡಿಯ ಹಣೆಬರಹವನ್ನು ನಿರ್ಣಯಿಸುವುದು ಎರಡು ಸಲ ನಾಣ್ಯ ಚಿಮ್ಮಿ ನಾಣ್ಯದ ಗುಣವನ್ನು ಹೇಳಿದಂತೆ.

ರಕ್ತಸಂಬಂಧದ ಜೋಡಿಯ ವಿಷಯದಲ್ಲಿಯೂ ವಿವೇಕ ಬೇಕು. ಬೆಲ್ಜಿಯಂನ ಆರೆಂಡಾಂಕ್ ಎಂಬ ಊರಿನ ಯಾನ್ಸೆನ್ ಸಹೋದರರು ತಮ್ಮ ಪಾರಿವಾಳಗಳ ಕುಟುಂಬವನ್ನು ಹೊರಗಿನ ರಕ್ತಕ್ಕೆ ಹೆಚ್ಚು ಎಡೆಗೊಡದೆ ಬೆಳೆಸಿ ಲೋಕಪ್ರಸಿದ್ಧರಾದರು. ಆ ಹಕ್ಕಿಗಳನ್ನು ಕೊಂಡು ತಮ್ಮ ಬೇರೆ ವಂಶದ ಹಕ್ಕಿಗಳೊಡನೆ ಬೆರೆಸಿದ ಇತರರೂ ಪಂದ್ಯಗಳನ್ನು ಗೆದ್ದರು. ಸಮೀಪದ ಜೋಡಿಯಿಂದ ಗುಣ ನೆಲೆಗೊಳ್ಳುತ್ತದೆ; ದೋಷವೂ ನೆಲೆಗೊಳ್ಳುತ್ತದೆ. ತಂದೆಗೆ ಮಗಳನ್ನು ಜೊತೆಮಾಡಿದರೆ ಹುಟ್ಟುವ ಮರಿಯ ವಂಶವಾಹಿಗಳ ಜೊತೆಗಳಲ್ಲಿ ನಾಲ್ಕರಲ್ಲಿ ಒಂದು ಪಾಲು, ಒಂದೇ ಮೂಲದ ಎರಡು ಪ್ರತಿಗಳಾಗುವ ಸಂಭವವಿದೆ. ಅಡಗಿದ ದುರ್ಬಲ ದೋಷಗಳು ಹೊರಬರುವುದು ಆಗಲೇ. ಮೊಟ್ಟೆಗಳು ಒಡೆಯದೆ ಉಳಿಯುವುದು, ಮರಿಗಳು ಬಡವಾಗುವುದು ಅದರ ಮೊದಲ ಲಕ್ಷಣ. ಇದನ್ನು ಕಂಡೊಡನೆ ಹೊರಗಿನ ರಕ್ತವನ್ನು ತರಬೇಕು. ತಾಯಿಯ ಪಾಲನ್ನೂ ಮರೆಯಬಾರದು. ಜೀವಕೋಶಕ್ಕೆ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳು ಮರಿಗೆ ಬರುವುದು ತಾಯಿಯಿಂದ. ಅವಕ್ಕೆ ಹೊರಗೆ ಬಣ್ಣವಿಲ್ಲ, ಗುರುತಿಲ್ಲ. ಹೀಗಾಗಿ ಗೆದ್ದ ಗಂಡಿನ ಹೆಸರು ಮೆರೆಯುವಲ್ಲಿ ತಾಯಿಯ ಹೆಸರು ಮಸುಕಾಗುವುದುಂಟು.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೆ: “ಯಜಮಾನರೇ, ಇನ್ನೊಂದು ಹಲಗೆ ಹೊಡೆಸಿ ಎರಡನ್ನೂ ಇಟ್ಟುಕೊಳ್ಳಿ. ಬುಟ್ಟಿ ಹೇಳುವವರೆಗೆ ಕಾಯಿರಿ.” ಅವರು ಕಾದರು. ಆ ವರ್ಷದ ಪಂದ್ಯಗಳಲ್ಲಿ ಕೆಂಪೂ ನೀಲಿಯೂ ಎರಡೂ ಮರಳಿ ಬಂದವು. ಎರಡೂ ಪಟ್ಟಿಯ ನಡುಭಾಗದಲ್ಲಿ ನಿಂತವು. ತಂದೆಯ ಮಟ್ಟವನ್ನು ಯಾವುದೂ ಮುಟ್ಟಲಿಲ್ಲ. ಇದರಲ್ಲಿ ವಿಷಾದಪಡುವಂಥದೇನೂ ಇಲ್ಲ. ಅಸಾಧಾರಣ ಹಕ್ಕಿ ಹುಟ್ಟುವುದು ಹಲವು ಒಳ್ಳೆಯ ವಂಶವಾಹಿಗಳು ಅಪೂರ್ವವಾಗಿ ಕೂಡಿದಾಗ, ಅದಕ್ಕೆ ಗಾಳಿ, ಹವೆ, ಆರೈಕೆಗಳೂ ಒದಗಿದಾಗ. ಮುಂದಿನ ತಲೆಮಾರಿನಲ್ಲಿ ಆ ಕೂಟ ಒಡೆದು ಮತ್ತೆ ಹೊಸದಾಗಿ ಕಟ್ಟಬೇಕಾಗುತ್ತದೆ. ಆದಕಾರಣ ದೊಡ್ಡವರ ಮಕ್ಕಳು ಸರಾಸರಿಯಲ್ಲಿ ದೊಡ್ಡವರಿಗಿಂತ ಕೆಳಗೆ, ಸಾಮಾನ್ಯರಿಗಿಂತ ಮೇಲೆ ನಿಲ್ಲುತ್ತಾರೆ. ಪಾರಿವಾಳದ ಗೂಡಿಗೆ ಮಾತ್ರ ಸಲ್ಲುವ ಮಾತಲ್ಲ ಇದು.

ಸಾಕಣೆಗಾರನ ತಪ್ಪು ಎಣಿಕೆಯ ಬೆಲೆಯನ್ನು ತೆರುವವನು ಸಾಕಣೆಗಾರನಲ್ಲ, ಹಕ್ಕಿ. ಬಣ್ಣವನ್ನು ಮೆಚ್ಚಿ ಆರಿಸಿದ, ಬಲವಿಲ್ಲದ ಹಕ್ಕಿಯನ್ನು ಐನೂರು ಕಿಲೋಮೀಟರಿನಾಚೆ ಬಿಟ್ಟಾಗ ಅದು ಹಿಂದಿರುಗದಿರಬಹುದು. ಡೇಗೆಯೋ ತಂತಿಯೋ ಬಾಯಾರಿಕೆಯೋ, ಕಾರಣ ಗೂಡಿಗೆ ತಿಳಿಯುವುದಿಲ್ಲ. ಸಂಜೆ ಮಹಡಿಯ ಮೇಲೆ ನಿಂತು ಬಡಗು ದಿಕ್ಕಿನ ಆಕಾಶವನ್ನು ನೋಡುತ್ತ, ಕಾಳಿನ ಡಬ್ಬಿಯನ್ನು ಅಲ್ಲಾಡಿಸುತ್ತ ಕಾಯುವವರನ್ನು ನಾನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಕಾಯುವವನಿಗೆ ಹಕ್ಕಿಯ ಬಣ್ಣ ಯಾವುದಾದರೇನು? ಬಂದರೆ ಸಾಕೆನಿಸುತ್ತದೆ. ಜೋಡಿ ಕಟ್ಟುವ ದಿನವೂ ಇದೇ ಮನಸ್ಸು ಇರಬೇಕು ಎಂಬುದೇ ನನ್ನ ಬಿನ್ನಹ. ಬಣ್ಣವನ್ನು ನೋಡಿ ಸಂತೋಷಪಡೋಣ, ಅದರ ಲೆಕ್ಕವನ್ನು ಬಿಡಿಸಿ ಬೆರಗಾಗೋಣ. ಸಂತತಿಯ ವಿಷಯದಲ್ಲಿ ಅದು ಹೇಳುವ ಸಾಕ್ಷ್ಯವನ್ನು ಕೇಳೋಣ. ತೀರ್ಪನ್ನು ಮಾತ್ರ ಬುಟ್ಟಿಗೆ ಬಿಡೋಣ.